ಕೂಸಿಗೆ ನಡತೆ ಕಲಿಸುವುದು ಹೆಂಗ?



‘ಅಂಗನವಾಡಿ’ ಎಂಬ ಮಾತು ಬಿಡಿಸಿ ಓದ್ರಿ. ಮರಾಠಿಯೊಳಗ ಅಂಗಣ ಅಂದ್ರ ಅಂಗಳ. ಈ ಹೆಸರಿನ ಹಿಂದ ಒಂದು ಕಥಿ ಐತಿ.

ಇಟಲಿ ದೇಶದ ಡಾಕ್ಟರ್ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ಪಟ್ಟಣದಲ್ಲಿ ಸಣ್ಣ ಮಕ್ಕಳ ಮನೆ ತೆರೆದರು. ಅಲ್ಲಿ ಮಕ್ಕಳು ತಾವೇ ಕೈ ತೊಳೆಯುತ್ತಿದ್ದವು. ಇನ್ನೊಬ್ಬರ ಕೈಯಲ್ಲಿದ್ದ ಆಟದ ಸಾಮಾನಿಗೆ ಕಾಯುವುದನ್ನು ಕಲಿಯುತ್ತಿದ್ದವು. ಪದ್ಧತಿ ಚಲೋ. ಆದರೆ ಸಾಮಾನು ಭಾಳ ತುಟ್ಟಿ.

ಗುಜರಾತದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಆ ಪದ್ಧತಿಗೆ ನಮ್ಮ ದೇಶದ ಕಥೆ, ಹಾಡು, ಆಟ ಸೇರಿಸಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ 1945ರಲ್ಲಿ ನಮ್ಮ ಮಹಾರಾಷ್ಟ್ರದ ಬೋರ್ಡಿ ಹಳ್ಳಿಗೆ ಬಂದರು. ಅನುತಾಯಿ ವಾಘ ಅವರಿಗೆ ಜೊತೆಯಾದರು. ಬಡ ಆದಿವಾಸಿ ಮಕ್ಕಳು ಸಾಲಿಗೆ ಬರಲಿಲ್ಲ. ಬೈದರೇನು ಬರ್ತಾವ? ಇವರೇ ಮಕ್ಕಳ ಅಂಗಳಕ್ಕೆ ಹೋದರು. ತುಟ್ಟಿ ಸಾಮಾನಿನ ಬದಲು ಕಲ್ಲು, ಎಲೆ, ಬೀಜ ಹಿಡಿದರು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಸಾಲಿ ನಡೆಸಿದರು. ಕಲಿಸುವ ಗುಣ ಬಿಡಲಿಲ್ಲ, ಕಲಿಸುವ ದಾರಿ ಬದಲು ಮಾಡಿದರು. ಸರ್ಕಾರದ ಅಂಗನವಾಡಿ ಶುರುವಾದದ್ದು 1975ರಲ್ಲಿ.

ಈಗ ನಮ್ಮ ಹನ್ನೂರಿನ ಮಾತು. ಹೊರದೇಶದ ಪುಸ್ತಕದಲ್ಲಿ ‘ಕಣ್ಣಾಗ ಕಣ್ಣಿಟ್ಟು ಮಾತಾಡು’ ಅಂತ ಮಕ್ಕಳಿಗೆ ಕಲಿಸುತ್ತಾರೆ. ನಮ್ಮಲ್ಲಿ ಹಿರಿಯರ ಮುಂದ ತಲಿ ತಗ್ಗಿಸೋದು ಮರ್ಯಾದಿ. ಅಂಥ ಕೂಸಿಗೆ ಅಂಜುಬುರುಕ ಅನಬ್ಯಾಡ್ರಿ. ಮನ್ಯಾಗ ಕನ್ನಡ, ಬಾಯಿ ಹೇಳೋದು ಮರಾಠಿ ಆದರೆ ಕೂಸು ಕೆಲವು ದಿನ ಸುಮ್ಮನೆ ಕೂಡ್ರತದ. ಅದು ದಡ್ಡ ಅಲ್ಲ. ಅದಕ್ಕೆ ಮಾತು ಇನ್ನೂ ತಿಳಿದಿಲ್ಲ.

ಪಾಳಿ ಕಾಯುವುದನ್ನು ಪಂಚಮಿ ಜೋಕಾಲಿಯೇ ಕಲಿಸುತ್ತದೆ. ‘ಹತ್ತು ಸಲ ಜೀಕು, ಆಮ್ಯಾಲೆ ತಂಗಿ ಪಾಳಿ’ ಅನ್ರಿ. ಎಣಿಸೋದೂ ಬಂತು! ಜಗಳಾಡಿ ಮಾತು ಬಿಟ್ಟ ಗೆಳೆಯರಿಗೆ ದಸರಾ ಬನ್ನಿ ಐತಿ. ‘ಸಾರಿ’ ಅನ್ನಲು ನಾಚುವ ಹುಡುಗ ಬನ್ನಿ ಎಲೆ ಕೊಟ್ಟು ನಗುತ್ತಾನೆ. ಆದರೆ ದಸರಾ ಬರುವತನಕ ಕಾಯಬೇಕಿಲ್ಲ. ಒಂದು ಪೇರಲಹಣ್ಣು ಹಂಚಿ ತಿಂದರೂ ರಾಜಿ ಆಗತದ.

ಒಂದು ಮಾತಿನಲ್ಲಿ ಮಾತ್ರ ನಮ್ಮ ರೂಢಿಯೇ ಬದಲಾಗಬೇಕು. ‘ದೊಡ್ಡವರ ಮಾತು ಮೀರಬ್ಯಾಡ’ ಅಂತ ನಾವು ದಿನಾ ಹೇಳ್ತೀವಿ. ಕೆಟ್ಟ ಉದ್ದೇಶದಿಂದ ಮೈ ಮುಟ್ಟುವವನೂ ದೊಡ್ಡವನೇ ಇರಬಹುದು, ಗುರುತಿನವನೇ ಇರಬಹುದು. ಅದಕ್ಕೆ ಕೂಸಿಗೆ ಹೀಗೆ ಹೇಳ್ರಿ: ‘ಕಾಕಾ ಇರಲಿ, ಮಾಮಾ ಇರಲಿ, ಮೈ ಮುಟ್ಟಿ “ಅವ್ವಗ ಹೇಳಬ್ಯಾಡ” ಅಂದ್ರ, ಅದನ್ನ ಮೊದಲು ಅವ್ವಗ ಹೇಳು.’ ಗಂಡು ಹುಡುಗರಿಗೂ ಹೇಳ್ರಿ. ಕೂಸು ಬಂದು ಹೇಳಿದರೆ ಬೈಬ್ಯಾಡ್ರಿ, ಬಾಯಿ ಮುಚ್ಚಿಸಬ್ಯಾಡ್ರಿ. ಮಕ್ಕಳನ್ನು ಕಾಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ. 1098ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ರೊಕ್ಕ ಹತ್ತುವುದಿಲ್ಲ.

ಈ ನಾಲ್ಕು ಅಂಕಿ ನಿಮ್ಮ ಕೈಯಿಂದ ಬರೆದು ಗೋಡೆಗೆ ಹಚ್ಚಿರಿ: 1 0 9 8.