ಮಗು ಎಷ್ಟು ಲೆಕ್ಕ ಕಲಿತಿದೆ?



ಕಲಬುರಗಿಯ ಐವಾನ್-ಎ-ಶಾಹಿ ಕಡೆ ತಾಯಂದಿರು ನಮಗೆ ಹೇಳ್ತಾರೆ: "ನಮ್ಮ ಹುಡುಗ ನೂರರ ತನಕ ಹೇಳ್ತಾನ್ರಿ. ಲೆಕ್ಕ ಬಂದಂಗ ಅಲ್ಲೇನ್ರಿ?"

ಸಂತೋಷದ ಮಾತು. ಆದರೆ ಬಾಯಿಪಾಠ ಬೇರೆ, ಲೆಕ್ಕ ಬೇರೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡೋಣ. ಹೊಡೆಯೋದು ಬೇಡ, ಬೈಯೋದು ಬೇಡ.

ಒಂದು: ತೊಗರಿ ಕಾಳು ಮುಂದೆ ಇಡಿರಿ. "ಏಳು ಕಾಳು ಕೊಡು" ಅನ್ನಿರಿ. ಏಳಕ್ಕೆ ನಿಲ್ಲಿಸಿದರೆ ಎಣಿಕೆ ಬಂದಿದೆ. ಆ ಕಾಳುಗಳನ್ನು ದೂರ ದೂರ ಹರವಿರಿ. "ಈಗ ಎಷ್ಟು?" ಅಂತ ಕೇಳಿರಿ. ಮತ್ತೆ ಎಣಿಸದೆ "ಏಳೇ" ಅಂದರೆ ಚೆನ್ನಾಗಿ ತಿಳಿದಿದೆ.

ಎರಡು: 36 ಮತ್ತು 63 ಬರೆಯಿರಿ. ಯಾವುದು ದೊಡ್ಡದು? ಯಾಕೆ? "63ರಲ್ಲಿ ಆರು ಹತ್ತು ಇವೆ" ಅಂದರೆ ಹತ್ತು, ಬಿಡಿ ಎರಡೂ ತಿಳಿದಿವೆ.

ಮೂರು: 52ರಲ್ಲಿ 27 ಕಳೆಯಲು ಹೇಳಿರಿ. ಉತ್ತರ 25. ಕೆಲವು ಮಕ್ಕಳು 35 ಬರೀತಾರೆ. 2ರಲ್ಲಿ 7 ಹೋಗೋದಿಲ್ಲ. ಅದಕ್ಕೇ ಅವರು 7ರಲ್ಲಿ 2 ಕಳೀತಾರೆ. ಮಗು ದಡ್ಡ ಅಲ್ಲ. ಒಂದು ಮೆಟ್ಟಿಲು ತಪ್ಪಿದೆ, ಅಷ್ಟೇ.

ಹತ್ತು ಹತ್ತು ಕಡ್ಡಿಯ 5 ಕಟ್ಟು ಮಾಡಿರಿ. 2 ಬಿಡಿ ಕಡ್ಡಿ ಇಡಿರಿ. ಒಂದು ಕಟ್ಟು ಬಿಚ್ಚಿದರೆ ಬಿಡಿ ಕಡ್ಡಿ 12 ಆದವು. 12ರಲ್ಲಿ 7 ಹೋದರೆ 5. ಉಳಿದ 4 ಕಟ್ಟಿನಲ್ಲಿ 2 ಹೋದರೆ 2. ಉತ್ತರ 25. ಮಗು ಕಣ್ಣಾರೆ ನೋಡಿ ಕಲಿಯುತ್ತದೆ.

ಈ ಮೆಟ್ಟಿಲು ತಪ್ಪಿದರೆ ಮುಂದೆ ಭಾಗಾಕಾರ ಬರೋದಿಲ್ಲ. ಲೆಕ್ಕ ಅಂದರೆ ಅಂಜಿಕೆ ಆಗುತ್ತದೆ. ಅಂಜಿದ ಮಗು ಶಾಲೆ ತಪ್ಪಿಸುತ್ತದೆ.

ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸುರುವಾಯಿತು. 2009ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಇದರಲ್ಲಿ ಕಲಿಕೆಯ ಏಣಿ ಇದೆ. ಒಂದು ಮೆಟ್ಟಿಲು ಕಲಿತ ಮೇಲೆ ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಒಬ್ಬರು ಬೇಗ ಹತ್ತುತ್ತಾರೆ, ಒಬ್ಬರು ತಡವಾಗಿ. ಎಲ್ಲಿ ತನಕ ಬಂದರು ಎಂದು ಶಿಕ್ಷಕರು ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾರೆ.

ಶಾಲೆಗೆ ಹೋದಾಗ ಪಾಸೋ, ಫೇಲೋ ಎಂದಷ್ಟೇ ಕೇಳಬೇಡಿರಿ. "ನನ್ನ ಮಗಳು ಯಾವ ಮೆಟ್ಟಿಲಲ್ಲಿ ಇದ್ದಾಳ್ರಿ? ಎಲ್ಲಿ ತಡವರಿಸ್ತಾಳ್ರಿ?" ಅಂತ ಕೇಳಿರಿ. ಕೇಳುವುದು ತಾಯಿಯ ಹಕ್ಕು. ಈಗ ನೀವೂ ಅಂಕಿ ಓದಬಲ್ಲಿರಿ.

ಮಾಡಿ ನೋಡಿರಿ
1. 61ರಲ್ಲಿ 34 ಕಳೆಯಿರಿ.
2. ಒಂದು ಮಗು 33 ಎಂದು ಬರೆದಿದೆ. ಎಲ್ಲಿ ತಪ್ಪಿದೆ? ಪಕ್ಕದವರಿಗೆ ಕಡ್ಡಿ ಇಟ್ಟು ತೋರಿಸಿರಿ.