ಸಿಡಿ25 ಎಲೈಸಾ: ಮಾಡಬೇಕಾದ್ದು, ಮಾಡಬಾರದ್ದು

ಕೆರಳಿದ ಟಿ ಕೋಶಗಳ ಮೈಮೇಲಿಂದ ಕಳಚಿ ರಕ್ತಕ್ಕೆ ಬರುವ ಇಂಟರ್‌ಲ್ಯೂಕಿನ್-2 ಗ್ರಾಹಕದ ತುಂಡನ್ನು (ಅದೇ ಸಿಡಿ25) ಈ ಕಿಟ್ ಅಳೆಯುತ್ತದೆ. ಎಚ್‌ಎಲ್‌ಎಚ್ (ಹಿಮೋಫ್ಯಾಗೊಸೈಟಿಕ್ ಲಿಂಫೊಹಿಸ್ಟಿಯೊಸೈಟೋಸಿಸ್) ಕಾಯಿಲೆಗೆ 2004ರಲ್ಲಿ ಗೊತ್ತುಮಾಡಿದ ಎಂಟು ಲಕ್ಷಣಗಳಲ್ಲಿ ಇದೂ ಒಂದು: ಮಿಲಿಲೀಟರಿಗೆ 2400 ಯೂನಿಟ್ ಅಥವಾ ಹೆಚ್ಚು. ಎಂಟರಲ್ಲಿ ಐದು ಕೂಡಿದರೆ ಎಟೊಪೊಸೈಡ್‌ನಂಥ ಕಟುವಾದ ಔಷಧ ಶುರುವಾಗಬಹುದು. ಅಂದಾಜಿನ ಕೆಲಸ ಇಲ್ಲಿ ನಡೆಯದು.

ಮಾಡಬೇಕಾದ್ದು

ಕಿಟ್ 2ರಿಂದ 8 ಡಿಗ್ರಿಯಲ್ಲೇ ಇರಲಿ. ಹೊರತೆಗೆದ ಮೇಲೆ ಚಳಿ ಬಿಡುವ ತನಕ ಪ್ಲೇಟಿನ ಪೊಟ್ಟಣ ಹರಿಯಬೇಡಿ, ವೆಲ್‌ಗಳಲ್ಲಿ ತೇವ ಕೂರುತ್ತದೆ.

ಸ್ಟ್ಯಾಂಡರ್ಡ್ ಪುಡಿಯನ್ನು ಮೆಲ್ಲಗೆ ತಿರುಗಿಸಿ ಕರಗಿಸಿ. ನೊರೆ ಬಂದರೆ ಕೆಟ್ಟಿತು. ಸ್ಟ್ಯಾಂಡರ್ಡ್, ಕಂಟ್ರೋಲ್, ಸೀರಂ ಎಲ್ಲವನ್ನೂ ಎರಡೆರಡು ವೆಲ್‌ಗೆ ಹಾಕಿ.

ತೊಳೆಯುವುದರಲ್ಲೇ ಅರ್ಧ ಪರೀಕ್ಷೆ ಇದೆ. ವೆಲ್ ತುಂಬಿಸಿ, ಚೆಲ್ಲಿ, ಕೊನೆಗೆ ಪ್ಲೇಟನ್ನು ಬೋರಲು ಹಾಕಿ ಟಿಶ್ಯೂ ಮೇಲೆ ತಟ್ಟಿ. ಕಾಗದದಲ್ಲಿ ಒದ್ದೆ ಗುರುತು ಬೀಳುವುದು ನಿಲ್ಲಬೇಕು. ತಳದಲ್ಲಿ ಚೂರು ಎಂಜೈಮ್ ಉಳಿದರೂ ಸಾಕು, ಏನೂ ಇಲ್ಲದ ಬ್ಲ್ಯಾಂಕ್ ಕೂಡ ನೀಲಿ ತೋರಿಸುತ್ತದೆ. ಹಾಗಂತ ಪ್ಲೇಟನ್ನು ಒಣಗಲೂ ಬಿಡಬೇಡಿ. ಫೋನ್ ಆಮೇಲೆ ನೋಡಿದರಾಯಿತು.

ಬಣ್ಣ ಬರಿಸುವ ಟಿಎಂಬಿ ಹಾಕಿದ ಮೇಲೆ ಬೆಳಕು ತಾಗದಂತೆ ಇಡಿ. ಸ್ಟಾಪ್ ದ್ರಾವಣಕ್ಕೆ ನೀಲಿ ಹಳದಿಯಾಗುತ್ತದೆ. ತಡಮಾಡದೆ 450 ನ್ಯಾನೊಮೀಟರ್‌ನಲ್ಲಿ ಓದಿ. ಆ ದ್ರಾವಣ ಆಮ್ಲ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಕೂಡದು.

ಮಾಡಬಾರದ್ದು

ಸೋಡಿಯಂ ಅಜೈಡ್ ಇರುವ ಬಫರ್ ಬಳಸಬೇಡಿ. ಎಚ್‌ಆರ್‌ಪಿ ಎಂಜೈಮ್ ಸೋಲುತ್ತದೆ, ಬಣ್ಣ ಏಳುವುದಿಲ್ಲ.

ಒಂದು ಲಾಟಿನ ಬಾಟಲಿಯನ್ನು ಇನ್ನೊಂದು ಲಾಟಿನ ಪ್ಲೇಟಿಗೆ ಸೇರಿಸಬೇಡಿ. ಕರಗಿಸಿದ ಸೀರಂ ಮತ್ತೆ ಫ್ರೀಜರಿಗೆ ಬೇಡ. ಮೊದಲೇ ಸಣ್ಣ ಪಾಲು ಮಾಡಿಡಿ.

ಓದು ಎಲ್ಲಕ್ಕಿಂತ ಮೇಲಿನ ಸ್ಟ್ಯಾಂಡರ್ಡನ್ನು ದಾಟಿದರೆ ಸ್ಟ್ಯಾಂಡರ್ಡ್ ಗೆರೆಯನ್ನು ಮುಂದಕ್ಕೆ ಎಳೆದು ಉತ್ತರ ಹುಟ್ಟಿಸಬೇಡಿ. ಸೀರಂ ತೆಳುಮಾಡಿ ಮತ್ತೆ ಹಾಕಿ, ತೆಳುಮಾಡಿದಷ್ಟರಿಂದ ಗುಣಿಸಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹತ್ತು ಪಟ್ಟು ತೆಳುಮಾಡಿ ಗುಣಿಸುವುದನ್ನೇ ಮರೆತೆ. 3400 ಹೋಗಬೇಕಾದ ಕಡೆ 340 ಹೋಯಿತು. ಸಂಜೆ ಡಾಕ್ಟರು ಫೋನ್ ಮಾಡಿ, "ಮಗುವಿನ ಸ್ಥಿತಿಗೂ ಈ ಅಂಕಿಗೂ ತಾಳೆಯಾಗ್ತಿಲ್ಲವಲ್ಲ, ಇನ್ನೊಮ್ಮೆ ನೋಡ್ರಿ" ಎಂದರು. ಅಂದಿನಿಂದ ವರ್ಕ್‌ಶೀಟಿನಲ್ಲಿ ಎಷ್ಟು ಪಟ್ಟು ತೆಳುಮಾಡಿದೆ ಎಂಬ ಅಂಕಿಗೆ ಕೆಂಪು ಶಾಯಿ. ನೀವೂ ಕೆಂಪಲ್ಲೇ ಬರೆಯಿರಿ.

ಕೆಲವು ಕಿಟ್ ಯೂನಿಟ್‌ನಲ್ಲಿ ಹೇಳುತ್ತವೆ, ಕೆಲವು ಪಿಕೊಗ್ರಾಂನಲ್ಲಿ. ಎಲ್ಲೋ ಸಿಕ್ಕ ಲೆಕ್ಕದಿಂದ ಒಂದನ್ನು ಇನ್ನೊಂದಕ್ಕೆ ತಿರುಗಿಸಬೇಡಿ. ಪಿಕೊಗ್ರಾಂ ಅಂಕಿಯನ್ನು 2400ರ ಪಕ್ಕಕ್ಕಿಟ್ಟು ನೋಡಲೇಬೇಡಿ.

ಡಬ್ಬಿಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದ್ದರೆ ರೋಗಿಯ ರಿಪೋರ್ಟಿಗೆ ಅದು ಬೇಡ. ಅಗ್ಗವಾಗಿ ಸಿಕ್ಕಿತೆಂದು ಸ್ಟೋರ್ಸ್‌ನವರು ತಂದಿಟ್ಟರೂ ಬೇಡ.