ಹೀಟರಿನ ಕವರ್ ಬದಲಿಸುವ ಮುನ್ನ

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆ ಹಳೆಯ ಮನೆ ಕೊಂಡ ನಮ್ಮವರ ಗೃಹಪ್ರವೇಶಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಹೋಗುವುದು ಗೋಡೆಯ ಬುಡಕ್ಕೆ. ಅಡುಗೆಮನೆಗೆ ಹೊಸ ಗ್ರಾನೈಟ್ ಬಂದಿರುತ್ತದೆ, ದೇವರಮನೆಯ ಬಾಗಿಲಿಗೆ ಸಾಲು ಗಂಟೆ ಬಂದಿರುತ್ತದೆ. ಗೋಡೆಯುದ್ದಕ್ಕೂ ಇರುವ ಬಿಸಿನೀರಿನ ಬೇಸ್‌ಬೋರ್ಡ್ ಹೀಟರ್ ಮಾತ್ರ ಹಾಗೇ ಇರುತ್ತದೆ: ಸೊಟ್ಟಗಾದ ತಗಡು, ಅಲ್ಲಲ್ಲಿ ತುಕ್ಕು, ಒಂದು ತುದಿಯಲ್ಲಿ ಕ್ಯಾಪೇ ಇಲ್ಲ. ಕೇಳಿದರೆ "ಆಮೇಲೆ ಮಾಡಿಸ್ತೀವಿ ಆಂಟಿ" ಅನ್ನುತ್ತೀರಿ. ಆ ಆಮೇಲೆ ಬರುವುದು ನವೆಂಬರಿನಲ್ಲಿ, ಊರಿಂದ ಅಪ್ಪ ಅಮ್ಮ ಬರುವ ಹಿಂದಿನ ವಾರ. ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುವುದು ಇದಕ್ಕೇ. ಫೋಟೊ ನೋಡಿ ಚೆಂದ ಕಂಡ ಕವರ್ ತರಿಸುತ್ತೀರಿ, ಅದು ಕೂರುವುದಿಲ್ಲ, ಆಮೇಲೆ ಕಂಪನಿಯವರನ್ನು ಬೈಯುತ್ತೀರಿ.

ಮೊದಲು ನಿಮ್ಮ ಮನೆಯ ಹೀಟರ್ ಯಾವ ಜಾತಿಯದು ಎಂದು ನೋಡಿಕೊಳ್ಳಿ. ನೆಲಮಾಳಿಗೆಯಲ್ಲಿ ಬಾಯ್ಲರ್ ಇದ್ದು, ಹೀಟರಿನ ತಗಡು ತೆಗೆದಾಗ ತಾಮ್ರದ ಕೊಳವೆ ನೆಲದೊಳಗೆ ಇಳಿದುಹೋಗಿದ್ದರೆ ಅದು ಬಿಸಿನೀರಿನದು. ಕೊಳವೆಯ ಬದಲು ವಿದ್ಯುತ್ ತಂತಿ ಬಂದು ಸೇರಿದ್ದರೆ ಅದು ಕರೆಂಟಿನದು. ಹೊರಗಿನಿಂದ ನೋಡಿದರೆ ಎರಡೂ ಅಕ್ಕ ತಂಗಿಯರು. ಆದರೆ ಬಿಸಿನೀರಿನ ಹೀಟರಿಗೆಂದು ಮಾಡಿದ ಕವರನ್ನು ಕರೆಂಟಿನ ಹೀಟರ್ ಮೇಲೆ ಕೂರಿಸಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ. ಈ ಒಂದು ವಿಷಯದಲ್ಲಿ "ನಡೆಯುತ್ತೆ ಬಿಡಿ" ಅನ್ನುವ ಮಾತೇ ಬೇಡ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಕವರ್ ಬರೀ ಅಂದಕ್ಕೆ ಎನ್ನುವುದು. ಹಾಗಲ್ಲ. ಬಾಯ್ಲರಿನಿಂದ ಸುಮಾರು 160ರಿಂದ 180 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬಿಸಿಯಾದ ನೀರು ಆ ತಾಮ್ರದ ಕೊಳವೆಯಲ್ಲಿ ಹರಿಯುತ್ತದೆ. ಕೊಳವೆಗೆ ಪೋಣಿಸಿದ ತೆಳ್ಳನೆಯ ಅಲ್ಯೂಮಿನಿಯಂ ಫಿನ್‌ಗಳು ಆ ಬಿಸಿಯನ್ನು ಗಾಳಿಗೆ ಕೊಡುತ್ತವೆ. ನೆಲದ ಹತ್ತಿರದ ತಣ್ಣನೆಯ ಗಾಳಿ ಕವರಿನ ಕೆಳಗಿನ ಸಂದಿನಿಂದ ಒಳಗೆ ಬಂದು, ಕಾದು, ಮೇಲಿನ ಕಂಡಿಯಿಂದ ಹೊರಗೆ ಹೋಗುತ್ತದೆ. ಮಲೆನಾಡಿನ ಬಚ್ಚಲೊಲೆಯ ಬಾಯಿಗೆ ಸೌದೆ ಒತ್ತಿ ತುರುಕಿದರೆ ಉರಿ ಹತ್ತದಲ್ಲ, ಇಲ್ಲೂ ಅದೇ ಲೆಕ್ಕ. ಕೆಳಗೆ ಅಥವಾ ಮೇಲೆ ಗಾಳಿಗೆ ದಾರಿ ಮುಚ್ಚಿದರೆ ಬಾಯ್ಲರ್ ದುಡಿಯುತ್ತದೆ, ಗ್ಯಾಸಿನ ಬಿಲ್ಲು ಏರುತ್ತದೆ, ಕೋಣೆ ಮಾತ್ರ ತಣ್ಣಗೇ ಇರುತ್ತದೆ.

ಹೊಸದು ನಿಜವಾಗಿ ಬೇಕೇ ಎಂದೂ ಯೋಚಿಸಿ. ತುಕ್ಕು ಮೇಲುಮೇಲೆ ಮಾತ್ರ ಇದ್ದರೆ ಮುಂದಿನ ತಗಡು ಕಳಚಿ, ಹೊರಗೆ ಒಯ್ದು, ಉಜ್ಜಿ, ಲೋಹಕ್ಕೆ ಹಚ್ಚುವ ಸ್ಪ್ರೇ ಬಣ್ಣ ಹೊಡೆದರೆ ಸಾಕು. ಆದರೆ 1978ಕ್ಕಿಂತ ಹಳೆಯ ಮನೆಯಾದರೆ ಉಜ್ಜುವ ಮೊದಲು ಬಣ್ಣದಲ್ಲಿ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕದಲ್ಲಿ ನಿಷೇಧಿಸಿದ್ದು ಆ ವರ್ಷ. ಮನೆಯಲ್ಲಿ ತೆವಳುವ ಮಗು ಇದ್ದರಂತೂ ಆ ಪುಡಿ ಹಾರಿಸಲೇಬಾರದು. ಇನ್ನು ಫಿನ್‌ಗಳ ಮೇಲೆ ಬಣ್ಣ ಹೊಡೆಯಬೇಡಿ, ಅದು ಬಿಸಿಯನ್ನು ತಡೆಯುತ್ತದೆ. ತುದಿಯ ಕ್ಯಾಪೋ, ಮೇಲಿನ ಕಂಡಿಯನ್ನು ತೆರೆದು ಮುಚ್ಚುವ ಡ್ಯಾಂಪರೋ ಒಂದೇ ಹಾಳಾಗಿದ್ದರೆ ಅದೊಂದನ್ನೇ ತನ್ನಿ. ಒಳಗಿನ ತಗಡಿನ ಮೇಲೆ ಕಂಪನಿಯ ಹೆಸರು ಸಿಕ್ಕರೆ ಬರೆದಿಟ್ಟುಕೊಳ್ಳಿ. ಸ್ಲ್ಯಾಂಟ್ ಫಿನ್‌ನಂತಹ ಹಳೆಯ ಹೆಸರುಗಳಿಗೆ ಬಿಡಿಭಾಗಗಳು ಸಿಗುತ್ತವೆ. ಒಂದು ಕ್ಯಾಪಿಗಾಗಿ ಇಡೀ ಮನೆಯ ಕವರ್ ಬದಲಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ತಗಡೇ ತೂತು ಬಿದ್ದಿದೆ, ಬಗ್ಗಿ ನಿಲ್ಲುತ್ತಿಲ್ಲ ಎಂದಾದರೆ ಹೊಸ ಕವರ್ ಸರಿ. ಹಿಂದಿನ ತಗಡು ಗೋಡೆಗೆ ಬಡಿದಿರುತ್ತದೆ, ಅದರ ಮುಂದೆ ಕೊಳವೆ ಇರುತ್ತದೆ. ಅದನ್ನು ಕೀಳಬೇಕೆಂದರೆ ಕೊಳವೆ ಕತ್ತರಿಸಬೇಕು, ಪ್ಲಂಬರ್ ಬರಬೇಕು. ಆದ್ದರಿಂದ ಹಿಂದಿನ ತಗಡನ್ನು ಹಾಗೇ ಬಿಟ್ಟು, ಅದರ ಮೇಲೆ ಜಾರಿಸಿ ಕೂರಿಸುವ ಕವರೇ ನಿಮ್ಮಂಥವರಿಗೆ ವಾಸಿ. ಉಕ್ಕಿನದು ಗಟ್ಟಿ. ಬಚ್ಚಲುಮನೆಗೆ ಮಾತ್ರ ತುಕ್ಕು ಹಿಡಿಯದಂತೆ ಸತು ಲೇಪಿಸಿದ್ದೋ, ಅಲ್ಯೂಮಿನಿಯಂದೋ, ಬಿಸಿನೀರಿನ ಹೀಟರಿಗೆಂದೇ ಮಾಡಿದ ಪ್ಲಾಸ್ಟಿಕ್ಕಿನದೋ ನೋಡಿ. ಮರದ ಕವರ್ ಕಣ್ಣಿಗೆ ಹಬ್ಬ, ನನಗಂತೂ ಒಪ್ಪಿಗೆಯಿಲ್ಲ. ಎಷ್ಟೋ ಬಡಗಿಗಳು ಮೇಲೆ ಅಚ್ಚುಕಟ್ಟಾದ ಹಲಗೆ ಹಾಕಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಬೇಕೇ ಬೇಕೆಂದರೆ ಮೇಲೂ ಕೆಳಗೂ ಧಾರಾಳವಾಗಿ ಕಂಡಿ ಬಿಡಿಸಿಕೊಳ್ಳಿ.

ಅಳತೆಯ ವಿಷಯದಲ್ಲಿ ನಿಮ್ಮ ಅಸಡ್ಡೆ ನನಗೆ ಗೊತ್ತು. ಒಂದು ಕೋಣೆಯಲ್ಲಿ ಟೇಪ್ ಹಿಡಿದು ಉಳಿದವೂ ಅಷ್ಟೇ ಇರುತ್ತವೆ ಅನ್ನುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ. ಪ್ರತಿ ಕೋಣೆಯಲ್ಲೂ ಮೂರು ಅಳತೆ ಬೇಕು: ನೆಲದಿಂದ ಹಿಂದಿನ ತಗಡಿನ ಮೇಲಂಚಿನವರೆಗಿನ ಎತ್ತರ, ಗೋಡೆಯಿಂದ ಫಿನ್, ಕೊಳವೆ ಹೊತ್ತ ಬ್ರ್ಯಾಕೆಟ್ ಎಷ್ಟು ಮುಂದೆ ಬಂದಿವೆ ಎನ್ನುವುದು, ಮತ್ತು ತುದಿಯಿಂದ ತುದಿಗೆ ಉದ್ದ. ಎತ್ತರವನ್ನು ಎರಡು ಮೂರು ಕಡೆ ತೆಗೆಯಿರಿ. ಹಳೆಯ ಮನೆಯ ನೆಲ ಎಲ್ಲ ಕಡೆ ಸಮನಾಗಿರುವುದಿಲ್ಲ. ಹಿಂದಿನವರು ಹಳೆಯ ನೆಲದ ಮೇಲೇ ಟೈಲ್ಸೋ ದಪ್ಪ ಕಾರ್ಪೆಟ್ಟೋ ಹಾಕಿಸಿದ್ದರೆ ಕೆಳಗಿನ ಸಂದು ಆಗಲೇ ಅರ್ಧ ಮುಚ್ಚಿರುತ್ತದೆ. ಕವರ್ ಕೂತ ಮೇಲೂ ಕೆಳಗೆ ಸುಮಾರು ಒಂದು ಇಂಚು ತೆರೆದಿರಲಿ. ಎಡ ತುದಿಯ ಕ್ಯಾಪು, ಬಲ ತುದಿಯ ಕ್ಯಾಪು, ಒಳಮೂಲೆ, ಹೊರಮೂಲೆ ಎಲ್ಲ ಬೇರೆ ಬೇರೆ ತುಂಡುಗಳು. ಗೋಡೆಯ ಚಿತ್ರ ಬರೆದು ಗುರುತು ಹಾಕಿಕೊಂಡೇ ಆರ್ಡರ್ ಮಾಡಿ.

ಕೂರಿಸುವ ದಿನ ಬಾಯ್ಲರ್ ಆರಿಸಿ, ಕೊಳವೆ ಪೂರ್ತಿ ತಣ್ಣಗಾಗಲು ಬಿಡಿ. ದಪ್ಪ ಕೈಗವುಸು ಹಾಕಿಕೊಳ್ಳಿ. ತಗಡಿನ ಅಂಚು, ಫಿನ್ನಿನ ಅಂಚು ಎರಡೂ ಬ್ಲೇಡಿನಂತೆ ಹರಿತ. ಹಳೆಯ ಕವರ್ ತೆಗೆದ ಕೂಡಲೇ ಹೊಸದನ್ನು ಹಾಕಬೇಡಿ, ಮೇಲೆ ಥಳಕು ಒಳಗೆ ಹುಳುಕು ಆದೀತು. ಒಳಗೆ ಏನೇನಿರುತ್ತದೆ ನೋಡಿ: ಫಿನ್‌ಗಳ ನಡುವೆ ಹತ್ತಿಯಂತೆ ಒತ್ತಿ ಕೂತ ಧೂಳು, ಹಿಂದಿನ ಮನೆಯವರ ನಾಯಿಯ ಕೂದಲು, ಒಂದು ಕಾಲುಚೀಲ, ಮಕ್ಕಳು ಕಂಡಿಯಿಂದ ತೂರಿಸಿದ ಕ್ರೆಯಾನ್ ಕರಗಿ ಕೊಳವೆಗೆ ಅಂಟಿದ ನೇರಳೆ ಮೇಣ. ಹೀಟರ್ ಹಚ್ಚಿದಾಗಲೆಲ್ಲ ಬರುವ ಕಮಟು ವಾಸನೆ ಇವುಗಳದೇ. ವ್ಯಾಕ್ಯೂಮಿಗೆ ಬ್ರಷ್ ಸಿಕ್ಕಿಸಿ ಮೆಲ್ಲಗೆ ಎಳೆದುಕೊಳ್ಳಿ. ಬಗ್ಗಿದ ಫಿನ್‌ಗಳನ್ನು ಚೂಪುಮೂತಿಯ ಇಕ್ಕಳದಿಂದ ಒಂದೊಂದಾಗಿ ನೇರ ಮಾಡಿ. ಬೇಸರದ ಕೆಲಸ, ಆದರೆ ಕೈ ಕೆಸರಾದರೆ ಬಾಯಿ ಮೊಸರು. ಕೊಳವೆ ನೆಲಕ್ಕಿಳಿಯುವಲ್ಲಿ ಹಳೆಯ ಬಿಳಿ ಪಟ್ಟಿಯಂಥ ಸುತ್ತು ಕಂಡರೆ ಮುಟ್ಟಬೇಡಿ. ಅದು ಆಸ್‌ಬೆಸ್ಟಾಸ್ ಇರಬಹುದು, ತಿಳಿದವರಿಗೆ ತೋರಿಸಿ.

ರಾತ್ರಿ ಟಿಕ್ ಟಿಕ್ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ದೂರುವವರು ಇದೇ ಸಮಯದಲ್ಲಿ ಬ್ರ್ಯಾಕೆಟ್ ನೋಡಿಕೊಳ್ಳಿ. 20 ಅಡಿ ತಾಮ್ರದ ಕೊಳವೆ ಪೂರ್ತಿ ಬಿಸಿಯಾದರೆ ಕಾಲು ಇಂಚಿನಷ್ಟು ಉದ್ದವಾಗುತ್ತದೆ. ಅದು ಜಾರಲೆಂದು ಇಟ್ಟ ಸಣ್ಣ ಪ್ಲಾಸ್ಟಿಕ್ ತುಂಡು ಬಿದ್ದುಹೋಗಿದ್ದರೆ ಲೋಹಕ್ಕೆ ಲೋಹ ಉಜ್ಜಿ ಸದ್ದು ಬರುತ್ತದೆ. ಹೊಸ ಕವರನ್ನು ಕತ್ತರಿಸಬೇಕಾದರೆ ತಗಡಿನ ಕತ್ತರಿಯೋ ಹ್ಯಾಕ್‌ಸಾನೋ ಬಳಸಿ, ಅಂಚನ್ನು ಅರದಿಂದ ತೀಡಿ, ಎರಡು ತುಂಡು ಸೇರುವಲ್ಲಿ ಜೋಡುಪಟ್ಟಿ ಹಾಕಿ. ಕವರ್ ಎಲ್ಲೂ ಫಿನ್ನಿಗೆ ತಾಗಬಾರದು. ಗಾಳಿ ಬಿಡುವ ಪುಟ್ಟ ವಾಲ್ವ್ ಇದ್ದರೆ ಅದರ ಹತ್ತಿರ ತೆಗೆದು ಹಾಕಲು ಬರುವ ಕ್ಯಾಪನ್ನೇ ಆರಿಸಿ. ವಾಲ್ವಿನಲ್ಲೋ ಬೆಸುಗೆಯಲ್ಲೋ ಹಸಿರು ಕಲೆ, ತೇವ ಕಂಡರೆ ಅಲ್ಲಿಗೇ ನಿಲ್ಲಿಸಿ, ಪ್ಲಂಬರನ್ನು ಕರೆಯಿರಿ. ಸೋರುವುದನ್ನು ಹೊಸ ತಗಡಿನಿಂದ ಮುಚ್ಚುವ ಜಾಣತನ ಬೇಡ.

ಮೊದಲ ಸಲ ಕಾಯಿಸಿದಾಗ ಹೊಸ ಬಣ್ಣದ ವಾಸನೆ ಸ್ವಲ್ಪ ಬಂದೀತು, ಕಿಟಕಿ ತೆರೆದಿಡಿ.

ಆಮೇಲಿನ ಜವಾಬ್ದಾರಿ ನಿಮ್ಮದು. ಸೋಫಾವನ್ನು ಒತ್ತಿ ಇಡಬೇಡಿ, ಅರ್ಧ ಅಡಿಯಾದರೂ ಬಿಡಿ. ಉದ್ದದ ಪರದೆ ಹೀಟರಿನ ಮೇಲೆ ಇಳಿಬೀಳದಿರಲಿ. ಮಾವನವರ ಪಂಚೆ ಒಣಗಿಸುವ ತಂತಿ ಅದಲ್ಲ. ದೋಸೆ ಹಿಟ್ಟು ಹುಳಿ ಬರಲೆಂದು ದೊಡ್ಡ ಪಾತ್ರೆಯನ್ನು ಕವರಿನ ಮೇಲೆ ಇಡುವವರೂ ಇದ್ದಾರೆ. ಅದರ ಭಾರಕ್ಕೆ ತಗಡು ನಡುವಲ್ಲಿ ಕುಸಿಯುತ್ತದೆ, ಹಿಟ್ಟು ಉಕ್ಕಿದರೆ ಫಿನ್ನಿನೊಳಗೇ ಇಳಿದು ಸುಟ್ಟು ಗಬ್ಬೆದ್ದು ಹೋಗುತ್ತದೆ. ಓವನ್ನಿನೊಳಗೆ ಬರೀ ದೀಪ ಹಚ್ಚಿ ಹಿಟ್ಟು ಇಡಿ, ಚೆನ್ನಾಗಿಯೇ ಉಬ್ಬುತ್ತದೆ. ವರ್ಷಕ್ಕೊಂದು ಸಲ, ಚಳಿ ಶುರುವಾಗುವ ಮೊದಲು, ಕವರ್ ತೆಗೆದು ಧೂಳು ಹೊಡೆಯಿರಿ.

ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಾಯ್ಲರಿಗೆ ಬಿಡುವು, ನಿಮಗೂ ಶನಿವಾರಗಳಿವೆ. ಒಂದು ಕೋಣೆಯಿಂದ ಶುರುಮಾಡಿ, ಅದು ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲೆ ಉಳಿದವನ್ನು ತರಿಸಿ. ಟೇಪ್ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ.